ಹಳೆ ಕಾರಿನ ವೀಲ್ ಕಪ್‌ಗೆ ಬಣ್ಣ: ಕರಾವಳಿಯಲ್ಲಿ ಕೆಲಸ ಹಿಂಬದಿಯಿಂದ ಶುರು

ಮಂಗಳೂರು, ಉಡುಪಿ ಕಡೆ ಹಳೆ ಕಾರಿನ ವೀಲ್ ಕಪ್ (ಚಕ್ರದ ನಡುವೆ ಕೂರುವ ಲೋಹದ ಮುಚ್ಚಳ) ಹೆಚ್ಚಾಗಿ ಹಾಳಾಗುವುದು ಹಿಂದಿನಿಂದ. ಎದುರಿಗೆ ನಿಕ್ಕಲ್, ಕ್ರೋಮ್ ದಪ್ಪವಾಗಿ ಕೂತಿರುತ್ತದೆ, ಒಳಮೈಗೆ ತಾಗಿದ್ದು ತೀರಾ ತೆಳು. ಮಳೆಗಾಲದ ಕೆಸರು, ಉಪ್ಪುಗಾಳಿ, ಬ್ರೇಕಿನ ಧೂಳು ಸೇರಿ ಅಂಚಿನ ಮಡಿಕೆಯಲ್ಲಿ ಗಟ್ಟಿಯಾಗುತ್ತವೆ. ಹಾಗಾಗಿ ಎದುರು ಎಷ್ಟೇ ಚಂದ ಬಣ್ಣ ಹೊಡೆದರೂ ಹಿಂಬದಿ ಹಾಗೇ ಬಿಟ್ಟರೆ ಎರಡು ಮಳೆಗಾಲ ದಾಟುವುದು ಕಷ್ಟ. ಅಂಬಾಸಿಡರ್ ತಯಾರಿ ನಿಂತದ್ದೇ 2014ರಲ್ಲಿ, ಅದಕ್ಕೂ ಹಿಂದಿನ ಕಾರುಗಳ ಒರಿಜಿನಲ್ ಕಪ್ ಇನ್ನು ಹೊಸದಾಗಿ ಬರುವುದಿಲ್ಲ. ಇದ್ದದ್ದನ್ನೇ ಉಳಿಸಿಕೊಳ್ಳಬೇಕು.

ಕಪ್ ತೆಗೆಯುವಾಗ ಸ್ಕ್ರೂಡ್ರೈವರ್ ಬೇಡ. ಅಗಲ ಬಾಯಿಯ ಟಯರ್ ಲಿವರಿಗೆ ಬಟ್ಟೆ ಸುತ್ತಿ, ರಿಮ್ಮಿನ ಕಡೆ ಮರದ ಪಟ್ಟಿ ಕೊಟ್ಟು, ಕ್ಲಿಪ್ ಇರುವ ಜಾಗಗಳಲ್ಲಿ ಸ್ವಲ್ಪ ಸ್ವಲ್ಪವೇ ಎತ್ತಬೇಕು. ಒಂದೇ ಕಡೆ ಎತ್ತಿದರೆ ಅಂಚು ಅಂಡಾಕಾರವಾಗುತ್ತದೆ. ಆಮೇಲೆ ಓಡುವ ಗಾಡಿಯಿಂದ ಕಪ್ ಹಾರಿಹೋಗುವುದು ಇದರಿಂದಲೇ.

ಮೊದಲು ಲೋಹ ಯಾವುದೆಂದು ನೋಡಿ. ಅಯಸ್ಕಾಂತ ಗಟ್ಟಿಯಾಗಿ ಹಿಡಿದರೆ ಹೆಚ್ಚಾಗಿ ಉಕ್ಕಿನ ಮೇಲೆ ಕ್ರೋಮ್. ಹಿಡಿಯದಿದ್ದರೆ ಅಥವಾ ಅಂಚಿನಲ್ಲಿ ಮಾತ್ರ ಮೆಲ್ಲಗೆ ಹಿಡಿದರೆ ಸ್ಟೇನ್‌ಲೆಸ್ (ಅಚ್ಚೊತ್ತುವಾಗ ಬಾಗಿದ ಕಡೆ ಸ್ಟೇನ್‌ಲೆಸ್‌ಗೂ ಸ್ವಲ್ಪ ಕಾಂತ ಗುಣ ಬರುತ್ತದೆ). ಅಲ್ಯೂಮಿನಿಯಂ ಆದರೆ ತೂಕದಲ್ಲೇ ಗೊತ್ತಾಗುತ್ತದೆ. ಅದಕ್ಕೆ ಕಾಸ್ಟಿಕ್ ಸೋಡಾ ಮುಟ್ಟಿಸಬಾರದು, ಲೋಹವೇ ಕರಗುತ್ತದೆ.

ಬಣ್ಣ ಎಲ್ಲಿತ್ತು ಎಂಬುದು ಕಾರಿನ ಮೇಲೆ ಹೋಗುತ್ತದೆ. ಹಳೆ ಬೀಟಲ್‌ನಲ್ಲಿ ನಡುವಿನ ಲಾಂಛನಕ್ಕೆ ಮಾತ್ರ, ಮೋರಿಸ್ ಮೈನರ್‌ನಲ್ಲಿ 'ಎಂ' ಅಕ್ಷರದ ತಗ್ಗಿಗೆ, ಎಪ್ಪತ್ತರ ದಶಕದ ಮರ್ಸಿಡಿಸ್‌ಗಳಲ್ಲಿ ಬಾಡಿಯದ್ದೇ ಬಣ್ಣ. ಹಳೆ ಬಣ್ಣ ತೆಗೆಯುವ ಮೊದಲು ಗಡಿಗೆರೆಯ ಫೋಟೋ ತೆಗೆದು, ಅಳತೆ ಬರೆದಿಟ್ಟುಕೊಳ್ಳಿ. ಶೇಡ್ ಹೊಂದಿಸಲು ಕಪ್‌ನ ಹಳೆ ಬಣ್ಣದಲ್ಲೇ ಬಿಸಿಲು ಬೀಳದ ಜಾಗ ಹುಡುಕಿ ರಬ್ಬಿಂಗ್ ಕಾಂಪೌಂಡಿನಿಂದ ಒಮ್ಮೆ ಉಜ್ಜಿ. ಆಗ ಕಾಣುವುದೇ ನಿಜವಾದ ಬಣ್ಣ. ಪೇಂಟ್ ಅಂಗಡಿಗೆ ಆ ಕಪ್ಪನ್ನೇ ಒಯ್ಯುವುದು ಒಳ್ಳೆಯದು.

ಪೇಂಟ್ ರಿಮೂವರ್ ಹಚ್ಚಿ ಹತ್ತು ಹದಿನೈದು ನಿಮಿಷ ಪ್ಲಾಸ್ಟಿಕ್ ಹಾಳೆ ಮುಚ್ಚಿಟ್ಟರೆ ಬಣ್ಣ ಸುಕ್ಕಾಗಿ ಏಳುತ್ತದೆ. ಕೆರೆಯಲು ಮರದ ಚಕ್ಕೆ ಅಥವಾ ಬಿದಿರಿನ ಕಡ್ಡಿ ಸಾಕು. ಕ್ರೋಮಿನ ಮೇಲಿನ ತುಕ್ಕಿನ ಚುಕ್ಕೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಮಾಡಿ ನೀರಿನಲ್ಲಿ ಅದ್ದಿ ಉಜ್ಜಿ. ಅದು ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ.

ಬಾತ್‌ರೂಮ್ ತೊಳೆಯುವ ಆ್ಯಸಿಡ್ ಹಾಕಿದರೆ ತುಕ್ಕು ಬೇಗ ಹೋಗುತ್ತದೆ ಎಂದು ಹೇಳುವವರು ಊರಿಗೊಬ್ಬರು ಇರುತ್ತಾರೆ. ಹೋಗುತ್ತದೆ ಮಾರಾಯ್ರೆ, ಜೊತೆಗೆ ಕ್ರೋಮ್ ಕೂಡ ಹೋಗುತ್ತದೆ. ಹೈಡ್ರೋಕ್ಲೋರಿಕ್ ಆ್ಯಸಿಡ್ ಕ್ರೋಮಿಯಮ್ಮನ್ನು ಕರಗಿಸುತ್ತದೆ, ಉಳಿದ ಕ್ಲೋರೈಡ್ ಗುಂಡಿಗಳಲ್ಲಿ ಕೂತು ಮತ್ತೆ ತುಕ್ಕು ಎಬ್ಬಿಸುತ್ತದೆ. ಫಾಸ್ಫಾರಿಕ್ ಆ್ಯಸಿಡ್ ಇರುವ ರಸ್ಟ್ ರಿಮೂವರನ್ನು ಹಿಂಬದಿಯ ತುಕ್ಕಿನ ಮೇಲೆ ಮಾತ್ರ ಬ್ರಷ್‌ನಲ್ಲಿ ಹಚ್ಚಿ, ಒಣಗಲು ಬಿಡದೆ ತೊಳೆಯಬೇಕು. ತೊಳೆಯುವ ನೀರೂ ಮುಖ್ಯ. ಕಡಲ ಬದಿಯ ಬಾವಿ ನೀರು ಬೇಸಗೆಯಲ್ಲಿ ಉಪ್ಪಾಗುತ್ತದೆ, ಅದರಲ್ಲಿ ತೊಳೆದರೆ ತೆಗೆದ ಉಪ್ಪನ್ನು ವಾಪಸ್ ಹಾಕಿದ ಹಾಗೆ. ಕೊನೆಯ ಎರಡು ನೀರು ಆರ್‌ಒ ಅಥವಾ ಹಿಡಿದಿಟ್ಟ ಮಳೆನೀರಾಗಿರಲಿ. ತೊಳೆದ ಕೂಡಲೇ ಹೇರ್ ಡ್ರೈಯರಿನಿಂದ ಮಡಿಕೆಯ ಒಳಗೂ ಒಣಗಿಸಿ.

ತಗ್ಗು ಬಿದ್ದಿದ್ದರೆ ಮರಳು ಚೀಲದ ಮೇಲೆ ಕಪ್ಪನ್ನು ಬೋರಲಿಟ್ಟು ಒಳಗಿನಿಂದ ನೈಲಾನ್ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಜೋರಾಗಿ ಹೊಡೆದರೆ ಕ್ರೋಮ್ ಕೂದಲೆಳೆಯಾಗಿ ಸೀಳುತ್ತದೆ. ಮರುಪ್ಲೇಟಿಂಗಿಗೆ ಕೊಡುವವರು ಅಕ್ಷರದ ಅಂಚನ್ನು ಮಷಿನ್‌ನಲ್ಲಿ ಬಫ್ ಮಾಡಬೇಡಿ ಎಂದು ಮೊದಲೇ ಹೇಳಬೇಕು, ಇಲ್ಲದಿದ್ದರೆ ಅಕ್ಷರ ಸವೆದು ಬರುತ್ತದೆ.

ಹಿಂಬದಿಗೆ 180ರ ಸ್ಯಾಂಡ್‌ಪೇಪರ್ ಉಜ್ಜಿ ಎಪಾಕ್ಸಿ ಪ್ರೈಮರ್ ಎರಡು ಕೋಟ್, ಮೇಲೆ ಕಪ್ಪು ಎನಾಮೆಲ್ ಒಂದು ಕೋಟ್. ಕ್ಲಿಪ್ ಕಚ್ಚುವ ಅಂಚಿನಲ್ಲಿ ಸುಮಾರು 8 ಮಿ.ಮೀ. ಬಣ್ಣವಿಲ್ಲದೆ ಬಿಡಿ. ಅಲ್ಲಿ ಬಣ್ಣ ದಪ್ಪವಾದರೆ ಕಪ್ ಸರಿಯಾಗಿ ಕೂರುವುದಿಲ್ಲ, ಮೊದಲ ಸಲ ಹಾಕುವಾಗಲೇ ಸಿಪ್ಪೆಯೂ ಏಳುತ್ತದೆ. ಆ ಜಾಗಕ್ಕೆ ತೆಳುವಾಗಿ ಗ್ರೀಸ್ ಸಾಕು.

ಎದುರು ಭಾಗದ ಕತೆ ಬೇರೆ. ಕ್ರೋಮಿಗೆ, ಸ್ಟೇನ್‌ಲೆಸ್‌ಗೆ ನೇರವಾಗಿ ಬಣ್ಣ ಹಿಡಿಯುವುದಿಲ್ಲ. ಬಣ್ಣ ಬರುವ ಜಾಗವನ್ನಷ್ಟೇ 400ರ ವಾಟರ್ ಪೇಪರಿನಿಂದ ಮಂಕಾಗುವಷ್ಟು ಉಜ್ಜಿ, ಗಡಿಗೆ 3 ಮಿ.ಮೀ. ಫೈನ್‌ಲೈನ್ ಟೇಪ್, ಅದರ ಹೊರಗೆ ಸಾಧಾರಣ ಮಾಸ್ಕಿಂಗ್ ಟೇಪ್ ಹಾಕಿ. ಎಚ್ (etch) ಪ್ರೈಮರ್, ಅಂದರೆ ಆ್ಯಸಿಡ್‌ನಿಂದ ಲೋಹವನ್ನು ಕಚ್ಚಿ ಹಿಡಿಯುವ ಪ್ರೈಮರ್, ಒಂದೇ ಕೋಟ್, ಕೆಳಗಿನ ಲೋಹ ಅರೆಬರೆ ಕಾಣುವಷ್ಟು ತೆಳು. ಎಚ್ ಪ್ರೈಮರಿನ ಮೇಲೆ ಎಪಾಕ್ಸಿಯಾಗಲಿ ಪುಟ್ಟಿಯಾಗಲಿ ಬೇಡ. ಉಳಿದ ಆ್ಯಸಿಡ್ ಅವನ್ನು ಗಟ್ಟಿಯಾಗಲು ಬಿಡುವುದಿಲ್ಲ, ಕೆಲವು ತಿಂಗಳಲ್ಲಿ ಹಾಳೆಯಾಗಿ ಎದ್ದು ಬರುತ್ತದೆ. ಎಚ್ ಪ್ರೈಮರಿನ ಮೇಲೆ ಟೂಕೆ ಸರ್ಫೇಸರ್ (ಹಾರ್ಡನರ್ ಸೇರಿಸಿ ಹೊಡೆಯುವ, ಮೈ ಸಮ ಮಾಡುವ ಪದರ), ಒಣಗಿದ ಮೇಲೆ 800ರ ಪೇಪರ್, ಆಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ.

ನಾಲ್ಕು ಕಪ್ಪಿಗೆ ಕಲಸಿದ ಬಣ್ಣ 100 ಎಂಎಲ್ ಧಾರಾಳ. ನಾನು ಬಳಸುವ ಪಿಯುಗೆ ಬಣ್ಣ ನಾಲ್ಕು ಪಾಲು, ಹಾರ್ಡನರ್ ಒಂದು ಪಾಲು, ನಿಮ್ಮ ಡಬ್ಬಿಯಲ್ಲಿ ಬರೆದದ್ದೇ ನಿಮಗೆ ಲೆಕ್ಕ. 0.8 ಅಥವಾ 1 ಮಿ.ಮೀ. ನಾಝಲ್‌ನ ಸಣ್ಣ ಗನ್, 25 ಪಿಎಸ್‌ಐ, ಆರೇಳು ಇಂಚು ದೂರ, ಎರಡು ತೆಳು ಕೋಟ್, ನಡುವೆ ಹದಿನೈದು ನಿಮಿಷ. ಹಾರ್ಡನರಿನ ಐಸೋಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕ್ ಲೆಕ್ಕಕ್ಕಿಲ್ಲ. ಗಾಳಿ ಕೊಳವೆಯ ಮಾಸ್ಕ್ ಇಲ್ಲದವರು ಸ್ಪ್ರೇ ಕೆಲಸವನ್ನು ಬೂತ್ ಇರುವ ವರ್ಕ್‌ಶಾಪಿಗೇ ಕೊಡಲಿ. ಕ್ಲಿಯರ್ ಕೋಟ್ ನಾನು ಹಾಕುವುದಿಲ್ಲ. ಗಾಜಿನಂಥ ಹೊಳಪು ಹಳೆ ಕಾರಿನ ಮೇಲೆ ಬೇರೆ ಕಾರಿನಿಂದ ತಂದಿಟ್ಟಂತೆ ಕಾಣುತ್ತದೆ.

ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗುವ ಮೊದಲು ಟೇಪನ್ನು ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆಯಬೇಕು. ತಗ್ಗಿನ ಅಕ್ಷರಕ್ಕಾದರೆ ಟೇಪೇ ಬೇಡ, ಎನಾಮೆಲ್ಲನ್ನು ಸಣ್ಣ ಬ್ರಷ್‌ನಲ್ಲಿ ತುಂಬಿ, ಮರದ ತುಂಡಿಗೆ ಬಿಗಿಯಾಗಿ ಸುತ್ತಿದ ಬಟ್ಟೆಗೆ ಟರ್ಪಂಟೈನ್ ಸ್ವಲ್ಪವೇ ತಾಗಿಸಿ ಮೇಲ್ಮೈಯನ್ನು ಒರೆಸಿದರೆ ಸಾಕು. ಬಟ್ಟೆ ಸಡಿಲವಾದರೆ ತಗ್ಗಿನೊಳಗಿನ ಬಣ್ಣವೂ ಎದ್ದು ಬರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಕೆಲಸ ಬೇಡವೇ ಬೇಡ. ಥಿನ್ನರ್ ಆರುವಾಗ ಲೋಹ ತಂಪಾಗಿ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಡ್ಯೂಕೋ (ಹಳೆ ಮಾದರಿಯ ಎನ್‌ಸಿ ಲ್ಯಾಕರ್ ಬಣ್ಣ) ಹಾಲು ಚೆಲ್ಲಿದಂತೆ ಬಿಳುಚುತ್ತದೆ, ಪಿಯುವಿನ ಹಾರ್ಡನರ್ ತೇವದ ಜೊತೆ ಸೇರಿ ಸಣ್ಣ ಗುಳ್ಳೆ ಏಳಿಸುತ್ತದೆ. ಡಿಸೆಂಬರ್, ಜನವರಿಯ ಒಣ ಮಧ್ಯಾಹ್ನ ಒಳ್ಳೆಯದು. ಆಗಲೂ ಕಂಪ್ರೆಸರಿನ ಟ್ಯಾಂಕಿನ ನೀರು ಬಿಟ್ಟು, ಗಾಳಿಯ ನೀರು ಹಿಡಿಯುವ ವಾಟರ್ ಟ್ರ್ಯಾಪ್ ನೋಡಿಕೊಂಡೇ ಶುರು ಮಾಡಬೇಕು. ಬಣ್ಣ ಹೊಡೆದ ಕಪ್ಪನ್ನು ಕೂಡಲೇ ಬಿಸಿಲಿಗೆ ಇಡಬೇಡಿ. ಮೇಲಿನ ಪದರ ಮುಚ್ಚಿಕೊಂಡು ಒಳಗಿನ ಥಿನ್ನರ್ ಸೂಜಿಮೊನೆಯಷ್ಟು ತೂತು ಮಾಡಿ ಹೊರಬರುತ್ತದೆ. ಒಂದೆರಡು ಗಂಟೆ ನೆರಳಲ್ಲಿಟ್ಟು ಆಮೇಲೆ ಬಿಸಿಲಿಗೆ ಇಡಬಹುದು.

ವಾರ ಕಳೆದ ಮೇಲೆ ಕಪ್ಪನ್ನು ಕ್ಲಿಪ್‌ಗಳ ಮೇಲೆ ಇಟ್ಟು, ಅಂಚಿನ ಸುತ್ತ ಅಂಗೈಯಿಂದ ತಟ್ಟಿ ಕೂರಿಸಿ. ನಡುವೆ ಹೊಡೆದರೆ ಹೊಸ ತಗ್ಗು ಬೀಳುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಬಿಚ್ಚಿ ಹಿಂಬದಿ ತೊಳೆದರೆ ಮಡಿಕೆಯಲ್ಲಿ ಕೆಸರು ಗಟ್ಟಿಯಾಗುವುದಿಲ್ಲ.