ಬೇಲಿ ಇಲ್ಲದೆ ಸೊಪ್ಪಿನಬೆಟ್ಟ ಉಳಿಸಿದ್ದು: ನನ್ನ ಅನುಭವ

ಶಿರಸಿ ಕಡೆಯ ನಮ್ಮ ಊರಿನ ಸೊಪ್ಪಿನಬೆಟ್ಟದಲ್ಲಿ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಈಗ ಮತ್ತಿ, ಹೊನ್ನೆ, ನೇರಲು ಗಿಡಗಳು ಎದೆಯೆತ್ತರ ಬಂದಿವೆ. ಬೇಲಿ ಇಲ್ಲ, ಕಾವಲಿನವರಿಲ್ಲ. "ಗಾಂಧಿ ಓದಿಸಿದರೆ ಬೆಟ್ಟ ಚಿಗುರುತ್ತಾ ಮಾರಾಯ" ಅಂದವರೇ ಈಗ ತಮ್ಮ ಊರಿಗೂ ಬಾ ಅಂತ ಕರೆಯುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬೆಟ್ಟದ ವ್ಯವಸ್ಥೆ ಹೀಗೆ. ಬ್ರಿಟಿಷರ ಕಾಲದಿಂದ ಎಕರೆ ಅಡಿಕೆ ತೋಟಕ್ಕೆ 9 ಎಕರೆ ತನಕ ಬಿಟ್ಟುಕೊಟ್ಟದ್ದು. ಜಾಗ ಸರ್ಕಾರದ್ದು, ಸೊಪ್ಪು ನಮ್ಮದು. ಪೂರ್ತಿ ನನ್ನದು ಅನ್ನುವ ಹಾಗಿಲ್ಲ, ನನ್ನದಲ್ಲ ಅಂತ ಕೈತೊಳೆದುಕೊಳ್ಳುವ ಹಾಗೂ ಇಲ್ಲ. 1983ರ ಸೆಪ್ಟೆಂಬರಿನಲ್ಲಿ ಸಲ್ಕಣಿ ಹತ್ತಿರದ ಕಾಡಿನಲ್ಲಿ ಜನ ಮರ ಅಪ್ಪಿಕೊಂಡಾಗ (ಅಪ್ಪಿಕೋ ಚಳವಳಿ) ಎದುರಿಗಿದ್ದದ್ದು ಹೊರಗಿನವರ ಕೊಡಲಿ. ಬೆಟ್ಟದಲ್ಲಿ ಹಾಗಲ್ಲ, ಕತ್ತಿ ನಮ್ಮ ಕೈಯಲ್ಲೇ ಇದೆ. ಯಾರನ್ನು ಅಪ್ಪಿಕೊಂಡು ಯಾರನ್ನು ತಡೆಯೋದು?

ನಮ್ಮಲ್ಲಿ ಮೊದಲು ನಡೆದದ್ದು ಬೇಲಿ. ಸುಮಾರು 5 ಎಕರೆಗೆ ಕಲ್ಲುಕಂಬ, ಮುಳ್ಳುತಂತಿ, ಕೂಲಿ ಎಲ್ಲಾ ಸೇರಿ ಲಕ್ಷ ದಾಟಿತು. ಎರಡನೇ ಬೇಸಿಗೆ ಹೊತ್ತಿಗೆ ತಂತಿ ನಾಲ್ಕಾರು ಕಡೆ ಕತ್ತರಿಸಿಹೋಗಿತ್ತು. ಕಟ್ಟಿಗೆ, ದರಕು (ಉದುರಿದ ಒಣ ಎಲೆ) ತರುತ್ತಿದ್ದ ದಾರಿಯನ್ನು ಕೇಳದೆ ಮುಚ್ಚಿದರೆ ಇನ್ನೇನಾಗುತ್ತದೆ! ಆಮೇಲೆ ಜೆಸಿಬಿ ತಂದು ಅಗಳ (ಕಂದಕ) ಹೊಡೆಸಿದೆವು, ಗಂಟೆಗೆ ಸಾವಿರದ ಮೇಲೆ. ದೊಡ್ಡ ಮಳೆಗೆ ಕೆಂಪು ಮಣ್ಣು ಕುಸಿದು ಅರ್ಧ ತುಂಬಿತು. ದಂಡವನ್ನೂ ಹಾಕಿ ನೋಡಿದ್ದಾಯಿತು. ಹಸಿ ಗಿಡ ಕಡಿದವರಿಗೆ 500 ರೂಪಾಯಿ. ಅದರಿಂದ ಕಡಿಯೋದು ಸಲೀಸಾಯಿತು! ಮೊದಲು ನಾಚಿಕೊಂಡು ಕಡಿಯುತ್ತಿದ್ದವರು ಈಗ ದುಡ್ಡು ಕೊಟ್ಟು ತಲೆಯೆತ್ತಿಕೊಂಡು ಕಡಿದರು.

ನಂತರ ನಾರ್ವೆಯ ತತ್ವಜ್ಞಾನಿ ಅರ್ನೆ ನೆಸ್ ಅವರ ವಿಚಾರವನ್ನು ಊರಿನ ಸಭೆಗೆ ತಂದೆ. ಇವರೂ ಗಾಂಧಿಯಿಂದ ಬಹಳ ಕಲಿತವರು, 1970ರಲ್ಲಿ ಜಲಪಾತ ಉಳಿಸಲು ಧರಣಿ ಕೂತವರು. 'ನಾನು' ಅನ್ನೋದು ಹಿಗ್ಗಿ ಕಾಡು, ಹೊಳೆಯನ್ನೂ ಒಳಗೊಂಡರೆ ಕಾಪಾಡು ಅಂತ ಯಾರೂ ಹೇಳಬೇಕಾಗಿಲ್ಲ ಅನ್ನೋದು ಅವರ ಮಾತು. ನನಗೆ ಈಗಲೂ ಇಷ್ಟ. ಆದರೆ ಹಿರಿಯರೊಬ್ಬರು ಕವಳ ಉಗಿದು ಬಂದು, "ತಮಾ, ಬೆಟ್ಟ ಅಂದ್ರೆ ನಾನೇ ಅಂತಾದ್ರೆ ನನ್ನ ಉಗುರು ಕತ್ತರಿಸೋಕೆ ಯಾರ ಅಪ್ಪಣೆ ಬೇಕು?" ಎಂದರು. ಸಭೆ ಅಲ್ಲಿಗೇ ಮುಗಿಯಿತು. ಆದರೆ ಆ ಮಾತು ಅಪ್ಪಟ ತತ್ವಶಾಸ್ತ್ರ. 'ನಾನು' ಹಿಗ್ಗಿದರೆ ಪ್ರೀತಿ ಹಿಗ್ಗಬಹುದು, ಯಜಮಾನಿಕೆಯೂ ಹಿಗ್ಗಬಹುದು.

ಅದಕ್ಕೇ ಕ್ರಮ ತಿರುಗಿಸಿದೆ. ಗಾಂಧಿ 1909ರಲ್ಲಿ ಹಡಗಿನಲ್ಲಿ ಬರೆದ 'ಹಿಂದ್ ಸ್ವರಾಜ್'ನಿಂದ ಒಂದು ಭಾಗ ಮಾತ್ರ ಗಟ್ಟಿಯಾಗಿ ಓದಿದೆವು. ಇಂಗ್ಲಿಷರು ಹೋದ ಮಾತ್ರಕ್ಕೆ ಸ್ವರಾಜ್ಯ ಬರಲ್ಲ, ತನ್ನನ್ನು ತಾನು ಆಳಿಕೊಳ್ಳಬೇಕು ಅನ್ನುವ ಭಾಗ. ಆಮೇಲೆ ಒಂದೇ ಪ್ರಶ್ನೆ: ಈ ವರ್ಷ ಬೆಟ್ಟದಲ್ಲಿ ನಿನ್ನ ಕೈಯನ್ನು ನೀನೇ ಎಲ್ಲಿ ಕಟ್ಟಿಕೊಳ್ಳುತ್ತೀಯ? ಬೇರೆಯವರ ಮೇಲೆ ನಿಯಮ ಹೇಳುವ ಹಾಗಿಲ್ಲ. ತನ್ನ ಮೇಲೆ ತಾನೇ, ಒಂದೇ ನಿಯಮ, ಎಲ್ಲರೆದುರು. ಒಬ್ಬರು ಗಿಡದ ತುದಿ ಮುರಿಯಲ್ಲ ಎಂದರು, ಇನ್ನೊಬ್ಬರು ದೀಪಾವಳಿ ತನಕ ದನ ಬಿಡಲ್ಲ ಎಂದರು, ಮತ್ತೊಬ್ಬರು ಮೇಲಿನ ಮೂರನೇ ಒಂದು ಭಾಗಕ್ಕೆ ಕತ್ತಿ ಒಯ್ಯಲ್ಲ ಎಂದರು. ನೋಟ್‌ಬುಕ್‌ನಲ್ಲಿ ಬರೆದು ಮುಂದಿನ ವರ್ಷ ಓದೋದು, ಅಷ್ಟೇ. ಮುರಿದವರು ತಾವೇ ಹೇಳಬೇಕು. ದಂಡ ಇಲ್ಲ.

ಬೆಟ್ಟದ ಹಕ್ಕೇ ಇಲ್ಲದ ಕೂಲಿ ಮನೆಗಳವರನ್ನೂ ಕೂರಿಸಿದೆ. ಇದಕ್ಕೆ ವಿರೋಧ ಜಾಸ್ತಿ ಬಂತು. ಆದರೆ ದಿನಾ ಬೆಟ್ಟ ಹತ್ತುವ ಹೆಂಗಸರಿಗೆ ಮಾತಿಲ್ಲದ ಸ್ವರಾಜ್ಯ ಯಾರದ್ದು? ಉಪ್ಪಾಗೆ, ಮುರುಗಲು ಹಣ್ಣು ಅವರೇ ಕೊಯ್ಯಲಿ ಅಂತಾಯಿತು. ಕೆಲವು ಮನೆಗಳಿಗೆ ಹಂಗಾಮಿಗೆ ಐದಾರು ಸಾವಿರ ಸಿಗುತ್ತದೆ. ಬೇಸಿಗೆಯಲ್ಲಿ ಬೆಂಕಿ ಕಂಡರೆ ಈಗ ಮೊದಲು ಓಡುವವರು ಅವರೇ.

ಮೂರು ನಾಲ್ಕು ಮಳೆಗಾಲ ಏನೂ ಕಾಣಲಿಲ್ಲ. ಆಮೇಲೆ ಮನೆಮನೆಯ ನಿಯಮಗಳು ತಾವಾಗಿಯೇ ಒಂದಕ್ಕೊಂದು ಹತ್ತಿರ ಬಂದವು. ದರಕು ಎಕರೆಗೆ ಮೊದಲು ಇಪ್ಪತ್ತು ಕಲ್ಲಿ (ದರಕು ತುಂಬಿ ಹೊರುವ ಬಲೆ) ಬಂದರೆ ಹೆಚ್ಚು, ಈಗ ಅಂದಾಜು ಅದರ ದುಪ್ಪಟ್ಟು. ಖರ್ಚು ಒಂದು ನೋಟ್‌ಬುಕ್, ಚಹಾ, ಅವಲಕ್ಕಿ. ನೆಸ್ ಹೇಳಿದ್ದೂ ಆಯಿತು, ಆದರೆ ಕೊನೆಗೆ. ಕೈ ಕಟ್ಟಿಕೊಂಡ ಮೇಲೆ ಬೆಟ್ಟದ ಮೇಲೆ ಮಮತೆ ಬಂತು, ಮಮತೆಯಿಂದ ಕೈ ಕಟ್ಟಿಕೊಂಡದ್ದಲ್ಲ.

ನಡುವೆ ಅಕೇಶಿಯಾ ಇದ್ದ ಒಂದು ತುಂಡಿನಲ್ಲಿ ಬೇರೆ ಪ್ರಯೋಗ ನಡೆದಿದೆ. ಮರ ಹಾಗೇ ಬಿಟ್ಟು ಕೆಳಗಿನ ಯುಪಟೋರಿಯಂ ಕಳೆ ಮಾತ್ರ ಕೀಳುತ್ತಿದ್ದೇವೆ. ಕವಲು, ನೇರಲು ಹುಟ್ಟಿವೆ, ನಿಧಾನ.

ಸಭೆಯಲ್ಲಿ ಮೊದಲು ಯಾರು ಬಾಯಿಬಿಡಬೇಕು ಅನ್ನೋದರಲ್ಲಿ ಒಂದು ಗುಟ್ಟಿದೆ, ಅದು ತಪ್ಪಿದರೆ ಎಲ್ಲಾ ಕೆಡುತ್ತದೆ. ಅದನ್ನು ಇಲ್ಲಿ ಬರೆಯಲ್ಲ, ಊರಿಗೆ ಬಂದು ಕೂತವರಿಗೆ ಹೇಳುತ್ತೇನೆ. ಈ ಸಲ ಬೇಣಕ್ಕೂ (ಹುಲ್ಲುಗಾವಲು) ಇದೇ ಕ್ರಮ ಹಚ್ಚುತ್ತಿದ್ದೇವೆ. ಅಲ್ಲಿ ಹುಲ್ಲಿನ ಜಗಳ ತಲೆಮಾರಿನದು, ಎರಡು ಮನೆಯವರು ಇನ್ನೂ ಒಪ್ಪಿಲ್ಲ.