ಅಗೆಯುವ ಮೊದಲೇ ಹಣ ಕಟ್ಟಿಸಿದ ಅನುಭವ

ಕೇಬಲ್ ಕಂಪನಿಗಳಿಂದ ಪಂಚಾಯತಿಗೆ ದುಡ್ಡು ಹುಟ್ಟುವುದಿಲ್ಲ ಎಂದು ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಮಂಜೇಶ್ವರ ಕಡೆಯ ಕಚೇರಿಗಳಲ್ಲಿ ಎಲ್ಲರೂ ಕೈಚೆಲ್ಲಿದ್ದರು. ವರ್ಷಕ್ಕೆ ನಲವತ್ತು ಸಾವಿರವೂ ಬಾರದಿದ್ದ ಆ ಬಾಬ್ತಿನಲ್ಲಿ ನಾನು ಸುಮಾರು ಆರು ಲಕ್ಷ ವಸೂಲು ಮಾಡಿಸಿದೆ.

ಕೇಬಲ್ ಹೂಳಲು ರಸ್ತೆ ಅಗೆದ ಮೇಲೆ ನೋಟಿಸು ಕಳುಹಿಸುವುದು ಹಳೆಯ ಪದ್ಧತಿ. ಕಂಪನಿ ಗುತ್ತಿಗೆದಾರನತ್ತ ಬೊಟ್ಟು ಮಾಡುತ್ತಿತ್ತು, ಗುತ್ತಿಗೆದಾರ ಉಪಗುತ್ತಿಗೆದಾರನತ್ತ. ಅಷ್ಟರಲ್ಲಿ ಮಳೆ ಹಿಡಿದು, ಕಣಿಗೆ ತುಂಬಿದ್ದ ಮಣ್ಣು ಕುಸಿದು, ಡಾಮರಿನ ಅಂಚು ಮೊಳದಗಲ ಒಡೆದುಹೋಗುತ್ತಿತ್ತು. ಒಂದೇ ರಸ್ತೆಗೆ ಸ್ವಂತ ನಿಧಿಯಿಂದ ಎರಡು ಲಕ್ಷದ ಹತ್ತಿರ ಸುರಿದಿದ್ದೇವೆ. ಅನುಮತಿ ಶುಲ್ಕ ಏರಿಸೋಣವೆಂದರೆ, ಆಗ ಜಾರಿಯಲ್ಲಿದ್ದ 2016ರ ಕೇಂದ್ರ ನಿಯಮ ಅದನ್ನು ಕಿಲೋಮೀಟರಿಗೆ 1,000 ರೂಪಾಯಿ ಮೀರದಂತೆ ಕಟ್ಟಿಹಾಕಿತ್ತು. ಕಡತ ಹಿಡಿದಿಟ್ಟರೂ ಪ್ರಯೋಜನವಿರಲಿಲ್ಲ, 60 ದಿನ ಕಳೆದರೆ ಅನುಮತಿ ಕೊಟ್ಟಂತೆಯೇ ಆಗುತ್ತಿತ್ತು. ಹಣವಿರುವುದು ಕಂಪನಿಯಿಂದ ವಸೂಲು ಮಾಡುವ ರಸ್ತೆ ದುರಸ್ತಿ ವೆಚ್ಚದಲ್ಲಿ.

ಹಾಗಾಗಿ ಅರ್ಜಿ ಬಂದ ಕೂಡಲೇ ಓವರ್‌ಸಿಯರರನ್ನೂ ಕಂಪನಿಯ ಮೇಲ್ವಿಚಾರಕನನ್ನೂ ಕರೆದುಕೊಂಡು ಟೇಪು ಹಿಡಿದು ನಡೆದೆ. ನಕ್ಷೆಯಲ್ಲಿ ಮಣ್ಣಿನ ಬದಿ ಎಂದು ತೋರಿಸಿದ್ದ ಕಡೆ ಕಾಂಪೌಂಡಿನ ಬುಡದವರೆಗೂ ಕಾಂಕ್ರೀಟು! ಎರಡರ ದುರಸ್ತಿ ದರಕ್ಕೂ ಅಜಗಜಾಂತರ. ಅಲ್ಲೇ ಸುಣ್ಣದ ಗೆರೆ ಎಳೆಸಿ, ಫೋಟೊ ತೆಗೆದು, ಇಬ್ಬರ ಸಹಿ ಹಾಕಿಸಿದೆ. ಎಸ್ಟಿಮೇಟಿನ ಪೂರ್ತಿ ಹಣ ಠೇವಣಿಯಾದ ಮೇಲೆಯೇ ಅನುಮತಿ ಪತ್ರ. ನೆಲದೊಳಗೆ ಕೊರೆಯುವ ಯಂತ್ರ ತಂದವರು ಯಂತ್ರ ಇಳಿಸಲು ತೋಡುವ ಗುಂಡಿಗಳಿಗೆ ಮಾತ್ರ ಹಣ ಕೊಡುತ್ತೇವೆ ಎಂದರು. ಒಪ್ಪಿದೆ, ಆದರೆ ಜಲನಿಧಿ ಕುಡಿಯುವ ನೀರಿನ ಯೋಜನೆಯ ಪೈಪು ಒಡೆದರೆ ಖರ್ಚು ಅವರದೇ ಎಂಬ ಷರತ್ತು ಹಾಕಿದೆ. ಪೈಪು ಒಡೆಯಿತು, ಹಣವೂ ಬಂತು. ಎಸ್ಟಿಮೇಟಿನಲ್ಲಿ ನಾನು ಸೇರಿಸುವ ಇನ್ನೊಂದು ಬಾಬ್ತು ಇದೆ; ಬೇಕಾದ ಸಹೋದ್ಯೋಗಿಗಳಿಗೆ ಎದುರಿಗೇ ಹೇಳುತ್ತೇನೆ.

ಕದ್ದು ಅಗೆಯುವುದನ್ನು ತಿಳಿಸಿದವರು ಹರಿತ ಕರ್ಮ ಸೇನೆಯ ಅಕ್ಕಂದಿರು. ಪ್ಲಾಸ್ಟಿಕ್ ಸಂಗ್ರಹಕ್ಕೆ ಮನೆಮನೆ ಸುತ್ತುವ ಅವರ ಕಣ್ಣು ತಪ್ಪಿಸಿ ಒಂದು ಪಿಕಾಸಿಯೂ ನೆಲಕ್ಕೆ ಬೀಳದು.

ಕಂಬಗಳ ಮೇಲಿನ ಟಿವಿ ಕೇಬಲುಗಳನ್ನೂ ಎಣಿಸಲು ಹೊರಟಿದ್ದೆ. ಕಂಬ ವಿದ್ಯುತ್ ಮಂಡಳಿಯದು, ಬಾಡಿಗೆಯೂ ಅವರಿಗೇ; ನಮಗೆ ಬಿಡಿಗಾಸಿಲ್ಲ. ಆದರೆ ಆ ತಿರುಗಾಟದಲ್ಲಿ ಪಂಚಾಯತಿಯ ತೆರಿಗೆ ತಂತ್ರಾಂಶ ‘ಸಂಚಯ’ದ ಪಟ್ಟಿಗೆ ಸೇರದ ಎರಡು ಮೊಬೈಲ್ ಗೋಪುರಗಳು ಸಿಕ್ಕವು. ಒಂದರ ಕಟ್ಟಡ ತೆರಿಗೆ ಬಾಕಿ ಸಹಿತ ಬಂತು. ಇನ್ನೊಂದರವರು ಗೋಪುರ ಕಟ್ಟಡವೇ ಅಲ್ಲ ಎಂದು ತಕರಾರು ಎತ್ತಿದ್ದಾರೆ. ಗೋಪುರಕ್ಕೂ ತೆರಿಗೆ ಹಾಕಬಹುದೆಂದು ಗುಜರಾತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಕೊಟ್ಟ ತೀರ್ಪಿನ ಪ್ರತಿ ಲಗತ್ತಿಸಿ ಉತ್ತರ ಕಳುಹಿಸಿದ್ದೇನೆ.