ಮನೆ ಹಿಂದಿನ ಧರೆ: ಮಳೆಗಾಲಕ್ಕೆ ಮುಂಚೆ ಅಳೆದದ್ದು, ಮಾಡಿದ್ದು

ಭೂಕುಸಿತ ಅಂದಕೂಡಲೇ ಎಲ್ಲರೂ ಎದುರಿನ ಗುಡ್ಡ ನೋಡುತ್ತಾರೆ. ಹೊಸನಗರ–ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿ ಅಪಾಯ ಗುರುತಿಸಲು ಹೊರಟಾಗ ನಾವು ಮೊದಲು ನೋಡಿದ್ದು ಬಚ್ಚಲ ಹಿಂದಿನ ಧರೆ, ಅಂದರೆ ಗುಡ್ಡ ಕಡಿದಾಗ ಉಳಿಯುವ ನೆಟ್ಟನೆಯ ಮಣ್ಣಿನ ಗೋಡೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ಸಾಧ್ಯತೆಯ ನಕ್ಷೆ ‘ಭೂಕೋಶ್’ ಜಾಲತಾಣದಲ್ಲಿದೆ. ಆದರೆ ಅದರ ಪ್ರಮಾಣ 1:50,000, ನಕ್ಷೆಯ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಯಾವ ಗುಡ್ಡದ ಸಾಲು ಅಪಾಯದ್ದು ಎಂದು ಅದು ಹೇಳೀತು. ಅಂಗಳ ಅಗಲ ಮಾಡಲು ಜೆಸಿಬಿ ಕಡಿದ 20 ಅಡಿ ಧರೆ ಅದರಲ್ಲಿ ಕಾಣುವುದಿಲ್ಲ. ಮನೆ ಮನೆಗೆ ಹೋಗಿ ಅಳೆಯಲೇಬೇಕು.

ಏಪ್ರಿಲ್ ಸರಿಯಾದ ಕಾಲ, ಹುಲ್ಲು ಒಣಗಿ ಮಣ್ಣು ಕಾಣುತ್ತದೆ. ಅಡಿಕೆ ಕೊಯ್ಯುವ ದೋಟಿಗೆ ಅಡಿಗೊಂದು ಬಣ್ಣದ ಟೇಪು ಸುತ್ತಿಕೊಂಡರೆ ಎತ್ತರ ಸಲೀಸಾಗಿ ಸಿಗುತ್ತದೆ. ಧರೆಯ ಬುಡದಿಂದ ಗೋಡೆಗೆ ಇರುವ ದೂರವನ್ನೂ ಬರೆದುಕೊಳ್ಳಿ. ಧರೆಯ ಎತ್ತರಕ್ಕಿಂತ ಆ ದೂರ ಕಡಿಮೆ ಇದ್ದರೆ ನಮ್ಮ ಪಟ್ಟಿಯಲ್ಲಿ ಆ ಮನೆ ಕೆಂಪು. ಇದು ಸರ್ಕಾರದ ನಿಯಮವಲ್ಲ, ನಾವು ಇಟ್ಟುಕೊಂಡ ಲೆಕ್ಕ.

ಆಮೇಲೆ ಮಣ್ಣು. ಮೇಲೆ ಕೆಂಪು ಜಂಬಿಟ್ಟಿಗೆ, ಅದರಡಿ ಬಿಳಿ–ಗುಲಾಬಿ ಶೇಡಿ ಮಣ್ಣು ಇದ್ದರೆ ಎಚ್ಚರ. ಶೇಡಿ ಬೇಸಿಗೆಯಲ್ಲಿ ಹಾರೆಗೂ ಜಗ್ಗುವುದಿಲ್ಲ, ನೀರು ಕುಡಿದರೆ ಬೆಣ್ಣೆ. ‘ನಲವತ್ತು ವರ್ಷದಿಂದ ನಿಂತಿದೆಯಲ್ಲ ಮಾರಾಯ್ರೆ’ ಅನ್ನುವವರ ಎದುರು ಮುಷ್ಟಿಯಷ್ಟು ಒಣ ಹೆಂಟೆಯನ್ನು ಬಕೆಟ್ ನೀರಿಗೆ ಹಾಕಿ ತೋರಿಸುತ್ತೇವೆ. ಅಂಚು ಪುಡಿಯಾಗಿ ಉದುರುತ್ತಾ ಹತ್ತು ನಿಮಿಷದಲ್ಲಿ ಹೆಂಟೆ ಕೂತುಬಿಟ್ಟರೆ ಬೇರೆ ವಿವರಣೆ ಬೇಕಿಲ್ಲ.

ನಿಜವಾದ ಕೆಲಸ ಇರುವುದು ನೀರಿನದು. ಧರೆಯ ನೆತ್ತಿಯಿಂದ 6 ಅಡಿ ಹಿಂದೆ, ಒಂದೂವರೆ ಅಡಿ ಅಗಲ, ಒಂದಡಿ ಆಳದ ಅಗಳು (ಕಾಲುವೆ) ತೆಗೆಸಿ. ನೂರು ಅಡಿಗೆ ಒಂದಡಿ ಇಳಿಜಾರು ಸಾಕು. ತೆಗೆದು ಹಾಗೇ ಬಿಡಬಾರದು. ಏನೂ ಹಾಸದ ಬರಿ ಮಣ್ಣಿನ ಅಗಳು ನೀರನ್ನು ಧರೆಯ ಹೊಟ್ಟೆಗೇ ಇಳಿಸುತ್ತದೆ, ಅದಿಲ್ಲದಿದ್ದರೇ ವಾಸಿ. ಕೃಷಿಹೊಂಡಕ್ಕೆ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆಯನ್ನಾದರೂ ಹಾಸಿ, ಕೊನೆಯನ್ನು ಪೈಪಿನಲ್ಲಿ ಹಳ್ಳಕ್ಕೆ ಮುಟ್ಟಿಸಿ. ಪಕ್ಕದ ಮನೆಯ ಧರೆಗೆ ಬಿಟ್ಟು ಜಗಳ ತಂದುಕೊಂಡವರೂ ಇದ್ದಾರೆ. ಅಗಳಿನಲ್ಲಿ ದರಗು (ಒಣ ಎಲೆ) ಕಟ್ಟಿಕೊಳ್ಳುವುದು ಮಾಮೂಲು, ಮೊದಲ ಜೋರು ಮಳೆಯ ಮರುದಿನವೇ ಗುದ್ದಲಿ ಹಿಡಿದು ಒಂದು ಸುತ್ತು ಹೋಗಿ.

ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ನೀರಿದೆ: ಗುಡ್ಡದಿಂದ ಬರುವ ಅಬ್ಬಿ ನೀರಿನ ಪೈಪು. ತೊಟ್ಟಿ ತುಂಬಿ ಹೊರಚೆಲ್ಲುವುದು ಹಗಲೂ ರಾತ್ರಿ ಧರೆಯ ನೆತ್ತಿಗೇ ಇಂಗುತ್ತಿರುತ್ತದೆ. ಅದಕ್ಕೊಂದು ವಾಲ್ವ್ ಹಾಕಿ, ಹೆಚ್ಚುವರಿ ನೀರನ್ನು ಬೇರೆ ಕಡೆ ತಿರುಗಿಸಿ. ಇಂಗುಗುಂಡಿ ಒಳ್ಳೆಯದೇ, ಆದರೆ ಮನೆಯ ಮೇಲಿನ ಇಳಿಜಾರಿನಲ್ಲಿ ಖಂಡಿತ ಬೇಡ. ಧರೆಗೆ ಆನಿಸಿ ಕಲ್ಲುಕಟ್ಟು (ತಡೆಗೋಡೆ) ಕಟ್ಟಿಸುವವರು ನೀರು ಹೊರಬರಲು 3 ಇಂಚಿನ ಪೈಪುಗಳನ್ನು 5 ಅಡಿಗೊಂದರಂತೆ ಇಟ್ಟು, ಹಿಂದೆ ಒಂದಡಿ ಜಲ್ಲಿ ತುಂಬಿಸಬೇಕು. ಪೈಪಿಲ್ಲದ ಕಟ್ಟು ಹೊಟ್ಟೆ ಉಬ್ಬಿಕೊಂಡು ಬೀಳುತ್ತದೆ.

ಮಳೆ ಅಳೆಯಲು ಗ್ರಾಮ ಪಂಚಾಯಿತಿಯ ಸ್ವಯಂಚಾಲಿತ ಮಾಪಕ ಇದೆಯಲ್ಲ ಎನ್ನಬಹುದು. ಒಂದು ಗುಡ್ಡ ದಾಟಿದರೆ ನಮ್ಮಲ್ಲಿ ಮಳೆಯೇ ಬೇರೆ. 20 ಸೆಂಟಿಮೀಟರ್ ಬಾಯಿಯ ಆಲಿಕೆ, ಅದರಡಿ 10 ಲೀಟರ್ ಕ್ಯಾನು, ಇಷ್ಟೇ ಸಾಮಾನು. ಈ ಬಾಯಿಗೆ 1 ಮಿ.ಮೀ. ಮಳೆ ಅಂದರೆ 31.4 ಮಿ.ಲೀ. ನೀರು. ಮೊದಲು 2 ಲೀಟರ್ ಬಾಟಲಿ ಇಟ್ಟಿದ್ದೆವು, 64 ಮಿ.ಮೀ.ಗೇ ತುಂಬಿ ಚೆಲ್ಲಿತು. ಪುಷ್ಯ ಮಳೆಗೆ ಅದು ಯಾವ ಮೂಲೆಗೂ ಸಾಲದು. ಸೂರಿನ ನೀರು, ಅಡಿಕೆ ಸೋಗೆಯ ಹನಿ ಬೀಳದ ಬಯಲಲ್ಲಿಟ್ಟು, ಬೆಳಗ್ಗೆ 8.30ಕ್ಕೆ ಅಳೆಯಿರಿ.

ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 115.6 ಮಿ.ಮೀ. ಮುಟ್ಟಿದರೆ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ ಮಳೆ. ಧರೆಗೆ ಒಂದು ದಿನದ ಅಂಕಿಗಿಂತ ಮೂರು ದಿನದ ಮೊತ್ತ ಮುಖ್ಯ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ಅಳತೆ ರಿಪ್ಪನ್‌ಪೇಟೆಗೆ ಹೊಂದುವುದಿಲ್ಲ. ನಿಮ್ಮ ಊರಲ್ಲಿ ಹಿಂದೆ ಧರೆ ಬಿದ್ದ ದಿನಗಳನ್ನು ಹಿರಿಯರಿಂದ ಕೇಳಿ, ಆಗಿನ ಮೂರು ದಿನದ ಮಳೆ ಹುಡುಕಿ, ಅದರ ಮುಕ್ಕಾಲು ಪಾಲನ್ನು ಎಚ್ಚರಿಕೆಯ ಗೆರೆ ಮಾಡಿಕೊಳ್ಳಿ.

ಗೆರೆ ಮುಟ್ಟಿದರೆ ಕೆಂಪು ಮನೆಯವರು ಹಿಂದಿನ ಕೋಣೆ ಬಿಟ್ಟು ಜಗಲಿ ಕಡೆ ಮಲಗುತ್ತಾರೆ. ದನಗಳ ಕಣ್ಣಿ ಬಿಚ್ಚಿರಬೇಕು. ಧರೆಯಿಂದ ತಿಳಿಯಾಗಿ ಜಿನುಗುತ್ತಿದ್ದ ಜಲ (ಒರತೆ ನೀರು) ಕೆಂಪಾದರೆ, ನೆತ್ತಿಯಲ್ಲಿ ಬಿರುಕು ಕಂಡರೆ, ಬಾಗಿಲು ಇದ್ದಕ್ಕಿದ್ದಂತೆ ಚೌಕಟ್ಟಿಗೆ ಹಿಡಿಯತೊಡಗಿದರೆ ಜಗಲಿಯೂ ಬೇಡ, ಮನೆಯನ್ನೇ ಬಿಡಬೇಕು. ಮಳೆ ಹೊಯ್ಯುತ್ತಿದ್ದರೂ ಹಳ್ಳದ ನೀರು ಇಳಿದರೆ ಮೇಲೆಲ್ಲೋ ಕಟ್ಟಿಕೊಂಡಿದೆ ಎಂದು ತಿಳಿದು ದಡದವರು ತಕ್ಷಣ ಎತ್ತರಕ್ಕೆ ಹೋಗಬೇಕು. ಹೊರಡುವುದಾದರೆ ಸಂಜೆ 5ರೊಳಗೆ. ಕತ್ತಲಾದ ಮೇಲೆ ರಸ್ತೆಗೆ ಮರ ಬಿದ್ದಿರುತ್ತದೆ, ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಮುಗಿದಿರುತ್ತದೆ. ಕಾಳಜಿ ಕೇಂದ್ರವೆಂದು (ಮನೆ ಬಿಟ್ಟವರು ತಂಗುವ ಜಾಗ) ಗುರುತಿಸಿದ ಶಾಲೆಯ ಹಿಂದಿನ ಧರೆಯನ್ನೂ ದೋಟಿ ಹಿಡಿದು ಅಳೆದಿರಬೇಕು. ಅನೇಕ ಶಾಲೆಗಳು ಗುಡ್ಡ ಕಡಿದೇ ಕಟ್ಟಿದವು.

ಧರೆ ಸ್ವಲ್ಪ ಕುಸಿದು ಬುಡದಲ್ಲಿ ಮಣ್ಣು ರಾಶಿ ಬಿದ್ದಿತು ಅನ್ನಿ. ಮರುದಿನವೇ ಜೆಸಿಬಿ ಕರೆಸಿ ಎತ್ತಿಸುವುದು ಎಲ್ಲರ ಅಭ್ಯಾಸ. ಮೇಲಿನ ಉಳಿದ ಮಣ್ಣು ಆ ರಾಶಿಗೇ ಒರಗಿ ನಿಂತಿರುತ್ತದೆ, ತೆಗೆದರೆ ಅದೂ ಜಾರುತ್ತದೆ. ಮೇಲೆ ಟಾರ್ಪಾಲು ಹೊದೆಸಿ, ನೆತ್ತಿಯ ಬಿರುಕಿಗೆ ಜೇಡಿಮಣ್ಣು ತುಂಬಿ, ಆ ಕಡೆಯ ಕೋಣೆ ಖಾಲಿ ಮಾಡಿ ಬೀಗ ಹಾಕಿ. ಮಣ್ಣು ಎತ್ತುವುದು ದೀಪಾವಳಿ ಕಳೆದ ಮೇಲೆ, ಅದೂ ಮೇಲಿನಿಂದ ಕೆಳಕ್ಕೆ.